ಕಿರಣಗಳನ್ನೆಣಿಸುವ ಹರಳು

ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೊಗಳುತ್ತಾರೆ. ಒಂದು, ಕ್ಷ-ಕಿರಣಗಳನ್ನು ಹುಟ್ಟಿಸುವ ಕೊಳವೆ. ಇನ್ನೊಂದು, ಲೆಕ್ಕ ಹಾಕಿ ಚಿತ್ರವನ್ನು ತೆಗೆದುಕೊಡುವ ಗಣಕಯಂತ್ರ. ಇವೆರಡರ ನಡುವೆ ಮೂರನೆಯದೊಂದುಂಟು. ರೋಗಿಯ ಮೈಯನ್ನು ಹಾಯ್ದು ಬಂದ ಕಿರಣವನ್ನು ಇದಿರುಗೊಂಡು ಲೆಕ್ಕಕ್ಕೆ ಬರೆದುಕೊಳ್ಳುವ ಶೋಧಕ ಅದು. ಅದರ ಹೆಸರನ್ನು ಕೇಳುವವರು ಕಡಮೆ. ಆದರೆ ಒಂದೂಕಾಲು ಶತಮಾನದ ಈ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಅನ್ನಿಸಿರುವುದೇನೆಂದರೆ, ರೋಗಿಯ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಈ ಶೋಧಕದ್ದೇ. ದೇಹವನ್ನು ಹೊಕ್ಕ ಕಿರಣಗಳಿಗಾಗಿ ರೋಗಿ ಅಪಾಯದ ರೂಪದಲ್ಲಿ ಅಷ್ಟೊ ಇಷ್ಟೊ ಬೆಲೆ ತೆರುತ್ತಾನೆ. ಬೆಲೆ ತೆತ್ತ ಮೇಲೆ ಆ ಕಿರಣ ಹೊತ್ತು ತಂದ ಸುದ್ದಿಯನ್ನು ನಾವು ಕಿವಿಗೆ ಹಾಕಿಕೊಳ್ಳದೆ ಹೋದರೆ ಅದು ಅವನಿಗೆ ಬಗೆದ ಅನ್ಯಾಯವೇ ಸರಿ. ಆ ಸುದ್ದಿಯನ್ನು ಪೂರ್ತಿಯಾಗಿ ಕೇಳುವ ವಿದ್ಯೆ ಮನುಷ್ಯನಿಗೆ ಬಂದ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕಥೆ ಬೆಳಕಿನಿಂದಲೇ ಮೊದಲಾಗುತ್ತದೆ. ೧೮೯೫ನೆಯ ಇಸವಿ ನವೆಂಬರ್ ೮ರಂದು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ಪಟ್ಟಣದಲ್ಲಿ ವಿಲ್‌ಹೆಲ್ಮ್ ರಂಟ್ಗೆನ್ ಎಂಬ ಪ್ರಾಧ್ಯಾಪಕರು ಕಪ್ಪು ಕಾಗದದಿಂದ ಮುಚ್ಚಿದ ವಿದ್ಯುತ್ ಕೊಳವೆಯೊಂದನ್ನು ಪರೀಕ್ಷಿಸುತ್ತಿದ್ದಾಗ, ಅದರಿಂದ ದೂರದಲ್ಲಿದ್ದ ತೆರೆಯೊಂದು ಮಿನುಗಿತು. ಬೇರಿಯಂ ಪ್ಲಾಟಿನೊಸಯನೈಡ್ ಎಂಬ ಲವಣವನ್ನು ಬಳಿದ ತೆರೆ ಅದು. ಕಣ್ಣಿಗೆ ಕಾಣದ ಕಿರಣವನ್ನು ಆ ಲವಣ ಕಾಣುವ ಬೆಳಕನ್ನಾಗಿ ಮಾರ್ಪಡಿಸಿತ್ತು. ಡಿಸೆಂಬರ್ ೨೨ರಂದು ರಂಟ್ಗೆನ್ನರು ತಮ್ಮ ಪತ್ನಿಯ ಕೈಯ ಎಲುಬುಗಳನ್ನೂ ಬೆರಳಿನ ಉಂಗುರವನ್ನೂ ಛಾಯಾಫಲಕದ ಮೇಲೆ ಮೂಡಿಸಿದರು. ಜಗತ್ತು ಬೆರಗಾಯಿತು.

ಆದರೆ ಛಾಯಾಫಲಕವು ಕ್ಷ-ಕಿರಣಗಳನ್ನು ಹಿಡಿಯುವುದರಲ್ಲಿ ಬಲು ಸೋಮಾರಿ. ಬಹುಪಾಲು ಕಿರಣಗಳು ಅದನ್ನು ತೂರಿಕೊಂಡು ಹೋಗಿಬಿಡುತ್ತವೆ. ಆದಕಾರಣ ೧೮೯೬ರಲ್ಲಿಯೇ ನ್ಯೂಯಾರ್ಕಿನ ಮೈಕೆಲ್ ಪ್ಯುಪಿನ್ ಅವರು ಫಲಕಕ್ಕೆ ಮಿನುಗುವ ತೆರೆಯೊಂದನ್ನು ಒತ್ತಿ ಇಟ್ಟರು. ಕಿರಣ ತೆರೆಯನ್ನು ಬೆಳಗುತ್ತದೆ, ಆ ಬೆಳಕು ಫಲಕವನ್ನು ಕಪ್ಪುಗೊಳಿಸುತ್ತದೆ. ಚಿತ್ರಕ್ಕೆ ಬೇಕಾಗುವ ಹೊತ್ತು ಬಹಳ ಮಟ್ಟಿಗೆ ತಗ್ಗಿತು. ಅದೇ ವರ್ಷ ಥಾಮಸ್ ಎಡಿಸನ್ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಲ್ಲಕ್ಕಿಂತ ಚೆನ್ನಾಗಿ ಮಿನುಗುವುದು ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಎಂದು ಕಂಡುಕೊಂಡರು. ಈ ಪರೀಕ್ಷೆಗಳಲ್ಲಿ ತನ್ನ ಕೈಗಳನ್ನೇ ದಿನದಿನವೂ ಕಿರಣಕ್ಕೆ ಒಡ್ಡಿದವನು ಕ್ಲಾರೆನ್ಸ್ ಡ್ಯಾಲಿ ಎಂಬ ಅವರ ಸಹಾಯಕ. ಮೊದಲು ಅವನ ಚರ್ಮ ಸುಟ್ಟಿತು, ಬಳಿಕ ಅರ್ಬುದವಾಯಿತು, ಎರಡು ತೋಳುಗಳನ್ನೂ ಕತ್ತರಿಸಿದರೂ ಪ್ರಾಣ ಉಳಿಯಲಿಲ್ಲ. ೧೯೦೪ರಲ್ಲಿ ಅವನು ತೀರಿಕೊಂಡನು. ಎಡಿಸನ್ ಕ್ಷ-ಕಿರಣದ ಕೆಲಸದಿಂದ ಹಿಂದೆಗೆದರು. ೧೯೩೬ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಇಂಥವರ ನೆನಪಿಗಾಗಿ ಕಲ್ಲೊಂದನ್ನು ನಿಲ್ಲಿಸಿದಾಗ ಅದರ ಮೇಲೆ ೧೬೯ ಹೆಸರುಗಳಿದ್ದವು. ಕಿರಣದ ಬೆಲೆ ಏನೆಂಬುದನ್ನು ಆ ಕಲ್ಲು ಹೇಳುತ್ತದೆ.

ಹಾಗಾದರೆ ತೆರೆಯನ್ನು ದಪ್ಪಗೆ ಮಾಡಿ, ಬಂದ ಕಿರಣಗಳನ್ನೆಲ್ಲ ಹಿಡಿದುಬಿಡಬಾರದೆ ಎಂದು ವಾಚಕರು ಕೇಳಬಹುದು. ತೊಡಕು ಇರುವುದೇ ಇಲ್ಲಿ. ಕಿರಣ ಬಿದ್ದ ಚುಕ್ಕೆಯಿಂದ ಹುಟ್ಟಿದ ಬೆಳಕು ನೆಟ್ಟಗೆ ಹೋಗುವುದಿಲ್ಲ. ಎಣ್ಣೆ ಬಿದ್ದ ಕಾಗದದಲ್ಲಿ ಕಲೆ ಹರಡುವಂತೆ ಸುತ್ತಲೂ ಹರಡುತ್ತದೆ. ತೆರೆ ದಪ್ಪವಾದಷ್ಟೂ ಕಲೆ ದೊಡ್ಡದು, ಚಿತ್ರ ಮಬ್ಬು. ತೆಳ್ಳಗೆ ಮಾಡಿದರೆ ಚಿತ್ರ ಚೊಕ್ಕಟವಾಗುತ್ತದೆ, ಆದರೆ ಕಿರಣಗಳು ಸಿಕ್ಕದೆ ಜಾರುತ್ತವೆ. ಆ ಕೊರತೆಯನ್ನು ತುಂಬಲು ರೋಗಿಯ ಮೈಗೆ ಇನ್ನಷ್ಟು ಕಿರಣ ಬಿಡಬೇಕಾಗುತ್ತದೆ. ಅತ್ತ ದರಿ, ಇತ್ತ ಪುಲಿ ಎಂಬಂತಹ ಈ ಇಕ್ಕಟ್ಟು ವೈದ್ಯಚಿತ್ರದ ಬೆನ್ನು ಹತ್ತಿ ನೂರು ವರ್ಷ ನಡೆಯಿತು.

ಚಿತ್ರ ತೆಗೆಯುವುದು ಒಂದು ಬಗೆಯಾದರೆ ಎಣಿಸುವುದು ಇನ್ನೊಂದು ಬಗೆ. ಎಣಿಕೆಯೂ ಬೆಳಕಿನ ದಾರಿಯಲ್ಲಿಯೇ ನಡೆಯಿತು. ೧೯೦೯ರಲ್ಲಿ ಮ್ಯಾಂಚೆಸ್ಟರಿನ ರದರ್‌ಫರ್ಡರ ಪ್ರಯೋಗಶಾಲೆಯಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಕತ್ತಲ ಕೋಣೆಯಲ್ಲಿ ಕುಳಿತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಸತುವಿನ ಸಲ್ಫೈಡಿನ ಮೇಲೆ ಆಲ್ಫಾ ಕಣಗಳು ಬಿದ್ದಾಗ ಏಳುವ ಮಿನುಗುಗಳನ್ನು ಒಂದೊಂದಾಗಿ ಎಣಿಸಿದರು. ೧೯೪೪ರಲ್ಲಿ ಕರನ್ ಮತ್ತು ಬೇಕರ್ ಎಂಬುವರು ಆ ದಣಿದ ಕಣ್ಣಿನ ಜಾಗದಲ್ಲಿ ದ್ಯುತಿಗುಣಕ ನಳಿಕೆಯನ್ನು ಇಟ್ಟರು. ಬೆಳಕಿನ ಒಂದು ಮಿನುಗನ್ನು ಲಕ್ಷಾಂತರ ಎಲೆಕ್ಟ್ರಾನುಗಳ ಪ್ರವಾಹವಾಗಿ ಹಿಗ್ಗಿಸುವ ಗಾಜಿನ ನಳಿಕೆ ಅದು. ೧೯೪೮ರಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್ ಹರಳು ಗ್ಯಾಮಾ ಕಿರಣಗಳಿಗೆ ಬಹಳ ಚೆನ್ನಾಗಿ ಮಿನುಗುವುದೆಂದು ತೋರಿಸಿದರು. ಅದೇ ಹರಳನ್ನು ಹಲಗೆಯಾಗಿ ಮಾಡಿ ಹಿಂದೆ ನಳಿಕೆಗಳನ್ನು ಸಾಲಾಗಿ ನಿಲ್ಲಿಸಿದವರು ಬರ್ಕ್ಲಿಯ ಹಾಲ್ ಆಂಗರ್. ೧೯೫೦ರ ದಶಕದ ಕೊನೆಯ ವರ್ಷಗಳಲ್ಲಿ ಸಿದ್ಧವಾದ ಆ ಗ್ಯಾಮಾ ಕ್ಯಾಮರಾ, ರೋಗಿಯ ರಕ್ತಕ್ಕೆ ಸೇರಿಸಿದ ವಿಕಿರಣ ಔಷಧ ದೇಹದಲ್ಲಿ ಎಲ್ಲಿ ನೆಲೆಸಿದೆ ಎಂಬುದನ್ನು ತೋರಿಸಿತು.

ಸಿ.ಟಿ. ಸ್ಕ್ಯಾನಿನ ಜನನವೂ ಈ ಹರಳಿನ ಮಡಿಲಲ್ಲಿಯೇ ಆಯಿತು. ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಮೊದಲ ಪ್ರಯೋಗದಲ್ಲಿ ಅಮೆರಿಸಿಯಂ ಧಾತುವಿನ ಗ್ಯಾಮಾ ಕಿರಣವನ್ನು ಬಳಸಿ ೨೮,೦೦೦ ಅಳತೆಗಳನ್ನು ತೆಗೆಯಲು ಒಂಬತ್ತು ದಿನ ಹಿಡಿಯಿತು. ಅವನ್ನು ಚಿತ್ರವಾಗಿ ಕೂಡಿಸಲು ಗಣಕಯಂತ್ರಕ್ಕೆ ಎರಡೂವರೆ ಗಂಟೆ ಬೇಕಾಯಿತು. ಗ್ಯಾಮಾ ಆಕರದ ಬದಲು ಕ್ಷ-ಕಿರಣ ಕೊಳವೆಯನ್ನು ಇಟ್ಟ ಮೇಲೆ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲನೆಯ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. ಮುಂದೆ ಸಿ.ಟಿ. ಯಂತ್ರಗಳಿಗೆ ಪಿಂಗಾಣಿಯಂತಹ ಮಿನುಗು ವಸ್ತುಗಳು ಬಂದವು. ನಳಿಕೆಯ ಬದಲು ಸಿಲಿಕಾನಿನ ಚಿಕ್ಕ ಬಿಲ್ಲೆಗಳು ಬಂದವು. ಅರೆವಾಹಕವು ಯಂತ್ರದೊಳಗೆ ಕಾಲಿಟ್ಟಿತು ನಿಜ. ಆದರೆ ಕಿರಣವನ್ನು ತಾನೇ ನೋಡಲಿಲ್ಲ. ಬೆಳಕು ಹೇಳಿದ ಸುದ್ದಿಯನ್ನು ಕೇಳುವ ಎರಡನೆಯ ಸಾಕ್ಷಿಯಾಗಿ ನಿಂತಿತು, ಅಷ್ಟೆ.

ಸುದ್ದಿ ಬಾಯಿಂದ ಬಾಯಿಗೆ ಹೋದಷ್ಟೂ ಕೆಡುತ್ತದೆ. ಇದನ್ನು ಅಂಕಿಗಳಲ್ಲಿಯೇ ನೋಡಬಹುದು. ವೈದ್ಯರು ಬಹಳವಾಗಿ ಬಳಸುವ ಟೆಕ್ನೀಷಿಯಂ ಧಾತುವಿನಿಂದ ಬರುವ ಗ್ಯಾಮಾ ಕಿರಣದ ಕಣವೊಂದರ ಶಕ್ತಿ ೧,೪೦,೦೦೦ ಎಲೆಕ್ಟ್ರಾನ್ ವೋಲ್ಟು. ಸೋಡಿಯಂ ಅಯೊಡೈಡ್ ಹರಳಿನಲ್ಲಿ ಅದು ಸುಮಾರು ಐದು ಸಾವಿರ ಬೆಳಕಿನ ಕಣಗಳನ್ನು ಎಬ್ಬಿಸುತ್ತದೆ. ನಳಿಕೆಯ ಬಾಗಿಲಲ್ಲಿ ಅವುಗಳ ಪೈಕಿ ಎಲೆಕ್ಟ್ರಾನುಗಳಾಗಿ ಮಾರ್ಪಡುವುವು ಸಾವಿರದ ಆಸುಪಾಸು. ಅದೇ ಕಣ ತಕ್ಕ ಅರೆವಾಹಕ ಹರಳಿನಲ್ಲಿ ಬಿದ್ದರೆ, ಬೆಳಕಿನ ಗೊಡವೆಯೇ ಇಲ್ಲದೆ, ನೇರವಾಗಿ ಸುಮಾರು ಮೂವತ್ತು ಸಾವಿರ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಎಣಿಕೆ ಹೆಚ್ಚಿದಷ್ಟೂ ಅಂದಾಜು ಖಚಿತವಾಗುತ್ತದೆ. ಅಲ್ಲದೆ ಹರಳಿಗೆ ವಿದ್ಯುತ್ ಒತ್ತಡ ಕೊಟ್ಟಿದ್ದರೆ ಈ ಎಲೆಕ್ಟ್ರಾನುಗಳು ಸುತ್ತಲೂ ಹರಡದೆ, ಇಳಿಜಾರಿನ ನೀರಿನಂತೆ, ಬಹುಮಟ್ಟಿಗೆ ನೆಟ್ಟಗೆ ವಿದ್ಯುದ್ದ್ವಾರಕ್ಕೆ ಇಳಿಯುತ್ತವೆ. ಹರಳನ್ನು ದಪ್ಪಗೆ ಮಾಡಿದರೂ ಚಿತ್ರ ಮಬ್ಬಾಗುವ ಭಯ ಕಡಮೆ. ಹಳೆಯ ಇಕ್ಕಟ್ಟಿಗೆ ಇದೇ ಬಿಡುಗಡೆಯ ದಾರಿ.

ಅರೆವಾಹಕವು ಅಲೆಗಳನ್ನು ಪತ್ತೆಹಚ್ಚಬಲ್ಲದೆಂಬ ತಿಳಿವಳಿಕೆ ಹೊಸದಲ್ಲ. ನಮ್ಮ ಜಗದೀಶಚಂದ್ರ ಬೋಸರು ಸೀಸದ ಅದಿರಾದ ಗೆಲೀನಾ ಹರಳಿನಿಂದ ನಿಸ್ತಂತು ಅಲೆಗಳ ಶೋಧಕವನ್ನು ಮಾಡಿ, ೧೯೦೧ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿ, ೧೯೦೪ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಿದ್ದರು. ಅದು ರೇಡಿಯೋ ಅಲೆಗಳ ಮಾತು. ಬಲವಾದ ವಿಕಿರಣದ ಕಣಗಳನ್ನು ಹರಳಿನಲ್ಲಿಯೇ ಎಣಿಸಿದವರು ಹಾಲೆಂಡಿನ ಪೀಟರ್ ವಾನ್ ಹೀರ್ಡೆನ್. ಮಹಾಯುದ್ಧದ ಕಷ್ಟದ ದಿನಗಳಲ್ಲಿ ಬೆಳ್ಳಿಯ ಕ್ಲೋರೈಡ್ ಹರಳನ್ನು ಅತಿಶೀತಕ್ಕೆ ಇಳಿಸಿ ಅವರು ನಡೆಸಿದ ಪ್ರಯೋಗಗಳು ೧೯೪೫ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವಾಗಿ ಸಂದವು. ೧೯೪೭ರ ಕೊನೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಬೆಲ್ ಪ್ರಯೋಗಶಾಲೆಯಲ್ಲಿಯೇ ೧೯೪೯ರಲ್ಲಿ ಕೆನೆತ್ ಮೆಕ್‌ಕೇ ಜರ್ಮೇನಿಯಂ ಚೂರಿನಿಂದ ಆಲ್ಫಾ ಕಣಗಳನ್ನು ಎಣಿಸಿದರು. ೧೯೬೦ರಲ್ಲಿ ಪೆಲ್ ಎಂಬುವರು ಹರಳಿನೊಳಕ್ಕೆ ಲಿಥಿಯಂ ಅನ್ನು ತೇಲಿಬಿಟ್ಟು ಅದರ ದೋಷಗಳನ್ನು ಸರಿದೂಗಿಸುವ ಉಪಾಯವನ್ನು ತೋರಿಸಿಕೊಟ್ಟ ಮೇಲೆ, ಜರ್ಮೇನಿಯಂ ಶೋಧಕವು ಪರಮಾಣು ವಿಜ್ಞಾನಿಗಳ ಕಣ್ಮಣಿಯಾಯಿತು. ಗ್ಯಾಮಾ ಕಿರಣದ ಶಕ್ತಿಯನ್ನು ಅಷ್ಟು ನಿಖರವಾಗಿ ಅಳೆಯುವ ಸಾಧನ ಅದಕ್ಕೆ ಮುಂಚೆ ಇರಲಿಲ್ಲ.

ಅಂಥ ಶೋಧಕ ಆಸ್ಪತ್ರೆಗೆ ಏಕೆ ಬರಲಿಲ್ಲ? ಜರ್ಮೇನಿಯಂ ಹರಳಿನಲ್ಲಿ ಎಲೆಕ್ಟ್ರಾನುಗಳ ಕಟ್ಟು ಬಹಳ ಸಡಿಲ. ಕೋಣೆಯ ಸಾಧಾರಣ ಸೆಕೆಗೇ ಅವು ಬಿಡಿಸಿಕೊಂಡು ಗದ್ದಲವೆಬ್ಬಿಸುತ್ತವೆ. ಆದ್ದರಿಂದ ಅದನ್ನು ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿರುವ ದ್ರವ ಸಾರಜನಕದಿಂದ ತಣಿಸಿಡಬೇಕು. ರೋಗಿಯ ಸುತ್ತ ತಿರುಗುವ ಯಂತ್ರದಲ್ಲಿ ಇದು ಸುಲಭವಲ್ಲ. ಸಿಲಿಕಾನು ಕೋಣೆಯ ಉಷ್ಣದಲ್ಲಿಯೇ ಕೆಲಸ ಮಾಡುತ್ತದೆ; ಆದರೆ ಅದು ಹಗುರವಾದ ಧಾತು. ಬಲವಾದ ಕಿರಣಗಳು ಅದನ್ನು ಜಾಲರಿಯೆಂಬಂತೆ ದಾಟಿ ಹೋಗುತ್ತವೆ. ಬೇಕಾಗಿದ್ದದ್ದು ಭಾರವಾದ ಪರಮಾಣುಗಳುಳ್ಳ, ಆದರೂ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿರುವ ಹರಳು.

ಅಂಥದೊಂದು ೧೯೬೦ರ ದಶಕದಲ್ಲಿಯೇ ಗೊತ್ತಾಗಿತ್ತು: ಕ್ಯಾಡ್ಮಿಯಂ ಟೆಲ್ಯುರೈಡ್. ಅದಕ್ಕೆ ಸ್ವಲ್ಪ ಸತುವನ್ನು ಸೇರಿಸಿದ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಅದರ ಒಡಹುಟ್ಟು. ಗುಣ ತಿಳಿದಾಗಿನಿಂದ ರೋಗಿಯ ಬಳಿಗೆ ಬರುವ ತನಕ ಈ ಹರಳು ನಡೆದ ದಾರಿ ಅರ್ಧ ಶತಮಾನದ್ದು. ನನ್ನ ಮಟ್ಟಿಗೆ ಈ ಇತಿಹಾಸದ ತಿರುಳೆಲ್ಲ ಈ ಅರ್ಧ ಶತಮಾನದಲ್ಲಿದೆ. ಒಂದು ತತ್ತ್ವವನ್ನು ಕಾಣುವುದು ಒಂದು ಮಾತು. ಅದನ್ನು ಹೊರುವ ಪದಾರ್ಥವನ್ನು ಬೆಳೆಸುವುದು ಇನ್ನೊಂದು. ಈ ಹರಳು ಕರಗುವುದು ಸಾವಿರದ ತೊಂಬತ್ತು ಡಿಗ್ರಿಯ ಆಚೆ. ಅಷ್ಟರಲ್ಲಿ ಕ್ಯಾಡ್ಮಿಯಂ ಆವಿಯಾಗಿ ಏಳತೊಡಗುತ್ತದೆ. ಶಾಖವನ್ನು ಹರಳು ಸುಲಭವಾಗಿ ಹೊರಗೆ ಬಿಡುವುದಿಲ್ಲವಾದ್ದರಿಂದ ಬಹಳ ನಿಧಾನವಾಗಿ ಬೆಳೆಸಬೇಕು. ಎಷ್ಟು ಎಚ್ಚರವಹಿಸಿದರೂ ನಡುನಡುವೆ ಟೆಲ್ಯುರಿಯಂ ಕಾಳುಗಳು ಉಳಿದು, ಹೋಗುವ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೆಚ್ಚಿನ ಒತ್ತಡದ ಕುಲುಮೆಯಲ್ಲಿ ದೊಡ್ಡ ಹರಳುಗಳನ್ನು ಬೆಳೆಸುವ ಕ್ರಮ ೧೯೯೦ರ ದಶಕದ ಮೊದಲಲ್ಲಿ ಕೈಗೂಡಿತು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಎಲೆಕ್ಟ್ರಾನು ಎದ್ದು ಹೋದ ಜಾಗದಲ್ಲಿ ಒಂದು ತೆರವು ಉಳಿಯುತ್ತದೆ. ಬಯಲಾಟ ನೋಡಲು ಚಾಪೆಯ ಮೇಲೆ ಸಾಲಾಗಿ ಕುಳಿತವರಲ್ಲಿ ಒಬ್ಬನೆದ್ದರೆ ಪಕ್ಕದವನು ಅಲ್ಲಿಗೆ ಸರಿಯುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ. ಜನ ಈ ಕಡೆಗೆ ಸರಿದರೆ ತೆರವು ಆ ಕಡೆಗೆ ನಡೆದಂತೆ ಕಾಣುತ್ತದೆ. ಹರಳಿನಲ್ಲಿಯೂ ಹೀಗೆಯೇ. ಈ ಹರಳುಗಳಲ್ಲಿ ಎಲೆಕ್ಟ್ರಾನು ಚುರುಕು, ತೆರವು ಮಂದ, ದಾರಿಯಲ್ಲಿಯೇ ಸಿಕ್ಕಿಬೀಳುತ್ತದೆ. ಹೀಗಾಗಿ ಒಂದೇ ಶಕ್ತಿಯ ಕಿರಣಗಳು ಬಿದ್ದ ಆಳಕ್ಕೆ ತಕ್ಕಂತೆ ಬೇರೆ ಬೇರೆ ಲೆಕ್ಕ ಕೊಡುತ್ತಿದ್ದವು. ಇದಕ್ಕೆ ಉಪಾಯ ಸಿಕ್ಕಿದ್ದು ಹಳೆಯ ವಿದ್ಯೆಯಿಂದ. ಬೈಜಿಕ ವಿದಳನಕ್ಕೆ ಅರ್ಥ ಹೇಳಿದವರಲ್ಲಿ ಒಬ್ಬರಾದ ಆಟೋ ಫ್ರಿಷ್ ೧೯೪೪ರಲ್ಲಿ ಅನಿಲ ತುಂಬಿದ ಶೋಧಕಗಳಿಗಾಗಿ ಒಂದು ಜಾಲರಿಯನ್ನು ಯೋಚಿಸಿದ್ದರು. ಚುರುಕು ಕಣಗಳ ಚಲನೆಯನ್ನು ಮಾತ್ರ ಅಳೆದು ಮಂದವಾದವನ್ನು ಮರೆಮಾಡುವ ಜಾಲರಿ. ಐವತ್ತು ವರ್ಷಗಳ ತರುವಾಯ, ೧೯೯೪ರಲ್ಲಿ, ಬರ್ಕ್ಲಿಯ ಪಾಲ್ ಲ್ಯೂಕ್ ಅದೇ ಮರ್ಮವನ್ನು ಹರಳಿನ ಮೈಮೇಲೆ ಲೋಹದ ಗೆರೆಗಳಾಗಿ ಬರೆದರು. ಮರುವರ್ಷ ಅರಿಜೋನಾದ ವಿಜ್ಞಾನಿಗಳು, ವಿದ್ಯುದ್ದ್ವಾರವನ್ನು ಹರಳಿನ ದಪ್ಪಕ್ಕಿಂತ ಚಿಕ್ಕ ಚಿಕ್ಕ ಮನೆಗಳಾಗಿ ಕತ್ತರಿಸಿದರೆ ಅದೇ ಫಲ ತಾನಾಗಿ ದೊರೆಯುವುದೆಂದು ವಿವರಿಸಿದರು. ಚಿತ್ರಕ್ಕೆ ಹೇಗೂ ಚಿಕ್ಕ ಮನೆಗಳೇ ಬೇಕು. ರೋಗಕ್ಕೆ ಮದ್ದಾದದ್ದು ಹಸಿವಿಗೆ ಅನ್ನವೂ ಆಯಿತು.

ಮೊದಲ ಲಾಭ ಹೃದ್ರೋಗಿಗಳಿಗೆ ದೊರೆಯಿತು. ೨೦೦೦ದ ನಂತರದ ದಶಕ ಮುಗಿಯುವ ಹೊತ್ತಿಗೆ ಈ ಸತುವಿನ ಹರಳುಗಳಿಂದ ಮಾಡಿದ ಹೃದಯದ ಕ್ಯಾಮರಾಗಳು ಆಸ್ಪತ್ರೆಗಳಿಗೆ ಬಂದವು. ಹಳೆಯ ಕ್ಯಾಮರಾ ಕಿರಣದ ಶಕ್ತಿಯನ್ನು ಹೇಳುವುದರಲ್ಲಿ ನೂರಕ್ಕೆ ಒಂಬತ್ತು ಹತ್ತರಷ್ಟು ಅತ್ತಿತ್ತ ತೂಗಾಡುತ್ತಿತ್ತು. ಹೊಸದರಲ್ಲಿ ಅದು ಐದಾರಕ್ಕೆ ಇಳಿಯಿತು. ದೇಹದೊಳಗೆ ಎಲ್ಲಿಯೋ ಬಡಿದು ದಾರಿ ತಪ್ಪಿದ ಕಿರಣಗಳನ್ನು ಗುರುತಿಸಿ ತಳ್ಳಿಹಾಕುವುದು ಇದರಿಂದ ಸುಲಭವಾಯಿತು. ಕಾಲು ಗಂಟೆ ಕದಲದೆ ಮಲಗಬೇಕಾಗಿದ್ದ ರೋಗಿಗೆ ಕೆಲವೇ ನಿಮಿಷ ಸಾಕಾಯಿತು. ಇಲ್ಲವೆ ಕೊಡುವ ವಿಕಿರಣ ಔಷಧವನ್ನೇ ಕಡಮೆ ಮಾಡಬಹುದಾಯಿತು.

ಪೆಟ್ ಯಂತ್ರದ ಕಥೆ ಸ್ವಲ್ಪ ಬೇರೆ. ಅಲ್ಲಿ ಒಂದೇ ಕ್ಷಣದಲ್ಲಿ ಎರಡು ಗ್ಯಾಮಾ ಕಣಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಹೊರಡುತ್ತವೆ. ಯಾವುದು ಮೊದಲು ಮುಟ್ಟಿತೆಂಬುದು ತಿಳಿದರೆ ಹೊರಟ ಜಾಗ ತಿಳಿಯುತ್ತದೆ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ೩೦ ಸೆಂಟಿಮೀಟರು ಓಡುವುದರಿಂದ ಈ ಲೆಕ್ಕಕ್ಕೆ ಬಹಳ ಚುರುಕಾದ ಕಣ್ಣು ಬೇಕು. ೧೯೯೦ರ ದಶಕದಲ್ಲಿ ರಷ್ಯದಲ್ಲಿ ರೂಪುಗೊಂಡ ಸಿಲಿಕಾನ್ ದ್ಯುತಿಗುಣಕ ಆ ಕಣ್ಣಾಯಿತು. ಇಂದಿನ ಒಳ್ಳೆಯ ಯಂತ್ರಗಳು ಜಾಗವನ್ನು ಸುಮಾರು ಮೂರು ಸೆಂಟಿಮೀಟರಿನೊಳಗೆ ಹೇಳಬಲ್ಲವು. ಗಾಜಿನ ನಳಿಕೆ ಅಯಸ್ಕಾಂತದ ಹತ್ತಿರ ಕೆಲಸಕ್ಕೆ ಬಾರದು. ಸಿಲಿಕಾನಿಗೆ ಆ ಅಂಜಿಕೆಯಿಲ್ಲ. ಆದ್ದರಿಂದ ಪೆಟ್ ಮತ್ತು ಎಂ.ಆರ್.ಐ. ಯಂತ್ರಗಳು ಒಂದೇ ಸೂರಿನಡಿ ಸೇರುವುದು ಸಾಧ್ಯವಾಯಿತು. ಇಲ್ಲಿ ಮಿನುಗುವ ಹರಳು ಇನ್ನೂ ಉಳಿದಿದೆ. ಬೆಳಕಿನ ಬಳಸುದಾರಿ ಅರ್ಧ ಮಾತ್ರ ಸವೆದಿದೆ.

ಎಲ್ಲಕ್ಕಿಂತ ಕಠಿನವಾದದ್ದು ಸಿ.ಟಿ. ಅಲ್ಲಿ ಒಂದು ಚದರ ಮಿಲಿಮೀಟರಿನ ಮೇಲೆ ಸೆಕೆಂಡಿಗೆ ಹತ್ತಾರು ಕೋಟಿ ಕಣಗಳು ಮಳೆಯಂತೆ ಸುರಿಯಬಹುದು. ಆ ಮಳೆಯ ಹನಿಗಳನ್ನು ಎಣಿಸುವವರು ಯಾರು? ಆದ್ದರಿಂದ ಹಳೆಯ ಯಂತ್ರ ಎಣಿಸದೆ ಒಟ್ಟು ಶಕ್ತಿಯನ್ನು ಅಳೆಯುತ್ತಿತ್ತು. ದೇವಸ್ಥಾನದ ಹುಂಡಿಯನ್ನು ಒಡೆದಾಗ ನಾಣ್ಯಗಳನ್ನು ಎಣಿಸದೆ ಮೂಟೆ ಕಟ್ಟಿ ತೂಗಿದರೆ ಹೇಗೊ ಹಾಗೆ. ತೂಕದಲ್ಲಿ ಧೂಳು, ಕಲ್ಲುಚೂರು ಸೇರುತ್ತವೆ; ಇವು ಯಂತ್ರದ ಸ್ವಂತ ಗದ್ದಲ. ಯಾವ ನಾಣ್ಯ ಎಷ್ಟೆಂಬುದೂ ತಿಳಿಯದು. ಭಾರದ ನಾಣ್ಯಗಳದೇ ದರ್ಬಾರು. ಆದರೆ ಮೈಯ ಮೆತ್ತನೆಯ ಭಾಗಗಳ ಭೇದವನ್ನು ಹೆಚ್ಚಾಗಿ ಹೇಳುವವು ಹಗುರದ ಕಿರಣಗಳು. ಎಣಿಸಿದರೆ ಕಲ್ಲುಚೂರನ್ನು ಬದಿಗೆ ಹಾಕಬಹುದು, ನಾಣ್ಯಗಳನ್ನು ಬೆಲೆಯ ಪ್ರಕಾರ ಬೇರೆ ಬೇರೆ ರಾಶಿ ಮಾಡಬಹುದು. ರಕ್ತನಾಳದ ಗೋಡೆಯ ಸುಣ್ಣದ ಅಂಶ ಯಾವುದು, ವೈದ್ಯರು ರಕ್ತಕ್ಕೆ ಬಿಟ್ಟ ಅಯೊಡಿನ್ ಯಾವುದು ಎಂಬುದನ್ನು ಆ ರಾಶಿಗಳು ಹೇಳಿಕೊಡುತ್ತವೆ.

ಇಷ್ಟು ವೇಗದ ಎಣಿಕೆಯ ವಿದ್ಯೆ ಬೆಳೆದ ಗರಡಿಗಳಲ್ಲಿ ಒಂದು, ವೈದ್ಯಕ್ಕೆ ಸಂಬಂಧವೇ ಇಲ್ಲವೆಂದು ತೋರುವ ಕಡೆ ಇದೆ. ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ ಮೂಲಕಣಗಳ ಜಾಡು ಹಿಡಿಯಲು ಮಾಡಿದ ಸೂಕ್ಷ್ಮ ಮಂಡಲಗಳಿಂದ ೧೯೯೦ರ ದಶಕದಲ್ಲಿ ಮೆಡಿಪಿಕ್ಸ್ ಎಂಬ ಎಣಿಕೆಯ ಬಿಲ್ಲೆ ಹುಟ್ಟಿತು. ಅದರ ಮೊಮ್ಮಗನಂತಿರುವ ಬಿಲ್ಲೆಯನ್ನು ಬಳಸಿ ನ್ಯೂಜಿಲೆಂಡಿನ ವಿಜ್ಞಾನಿಗಳು ೨೦೧೮ರಲ್ಲಿ ಮಣಿಕಟ್ಟು ಮತ್ತು ಹರಡುಗಾಲಿನ ಬಣ್ಣದ ಚಿತ್ರಗಳನ್ನು ಪ್ರಕಟಿಸಿದರು. ಇದಕ್ಕೂ ಮುಂಚೆ ಸ್ವೀಡನ್ನಿನಲ್ಲಿ, ಸ್ತನದ ಪರೀಕ್ಷೆಗೆ ಬೇಕಾದ ಮೆದು ಕಿರಣಗಳಿಗೆ ಸಿಲಿಕಾನೇ ಸಾಕೆಂದು ತಿಳಿದು, ಅದರ ಹಾಳೆಗಳನ್ನು ಅಂಚು ಮುಂದಾಗಿ ನಿಲ್ಲಿಸಿ ಎಣಿಸುವ ಯಂತ್ರವನ್ನು ಮಾಡಿದ್ದರು. ಕೊನೆಗೆ ೨೦೨೧ರ ಸೆಪ್ಟೆಂಬರಿನಲ್ಲಿ ಸೀಮೆನ್ಸ್ ಸಂಸ್ಥೆಯ ನಯೋಟಾಮ್ ಆಲ್ಫಾ ಎಂಬ ಕಿರಣವೆಣಿಸುವ ಸಿ.ಟಿ. ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿಗೆ ಕೊಟ್ಟಿತು. ಅದರ ಹರಳು ಕ್ಯಾಡ್ಮಿಯಂ ಟೆಲ್ಯುರೈಡ್. ದಪ್ಪ ಎರಡು ಮಿಲಿಮೀಟರಿಗೂ ಕಡಮೆ. ಮಿನುಗು ಪಿಂಗಾಣಿಯಲ್ಲಿ ಬೆಳಕು ಪಕ್ಕದ ಮನೆಗೆ ಸೋರದಂತೆ ನಡುವೆ ಗೋಡೆ ಕಟ್ಟಬೇಕಾಗಿತ್ತು. ಗೋಡೆಗೆ ಬಿದ್ದ ಕಿರಣ ವ್ಯರ್ಥ. ಹರಳಿಗೆ ಗೋಡೆಯೇ ಬೇಡ. ಅದರಿಂದ ೦.೨ ಮಿಲಿಮೀಟರಿನಷ್ಟು ಸೂಕ್ಷ್ಮವಾದ ವಿವರಗಳೂ ಎಟುಕಿದವು.

ಎಲ್ಲವೂ ಮುಗಿಯಿತೆಂದು ನಾನು ಹೇಳುವುದಿಲ್ಲ. ಕಣಗಳು ಒಂದರ ಬೆನ್ನಿಗೊಂದು ಬಂದರೆ ಈ ಯಂತ್ರವೂ ಎರಡನ್ನು ಒಂದೆಂದು ಬರೆದುಕೊಳ್ಳುತ್ತದೆ. ಎರಡು ಮನೆಗಳ ಗಡಿಯಲ್ಲಿ ಬಿದ್ದ ಕಣದ ಆಸ್ತಿ ಇಬ್ಬರಿಗೂ ಹಂಚಿಹೋಗಿ ತಂಟೆಯಾಗುತ್ತದೆ. ಹರಳನ್ನು ಬೆಳೆಸುವ ವೆಚ್ಚ ಹೆಚ್ಚು. ಆದ್ದರಿಂದ ಮಿನುಗುವ ಪಿಂಗಾಣಿಯ ಯಂತ್ರಗಳೇ ಈಗಲೂ ಹೆಚ್ಚಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿವೆ, ಪ್ರಾಣಗಳನ್ನು ಉಳಿಸುತ್ತಿವೆ. ಇನ್ನೊಂದು ಮಾತೂ ಉಂಟು. ಹರಳು ಉಳಿಸಿಕೊಟ್ಟ ಕಿರಣಗಳನ್ನು ಎರಡು ಬಗೆಯಾಗಿ ಬಳಸಬಹುದು. ಮೊದಲಿನಷ್ಟೇ ಕಿರಣದಲ್ಲಿ ಇನ್ನೂ ಚೆಲುವಾದ ಚಿತ್ರ ತೆಗೆಯಬಹುದು. ಇಲ್ಲವೆ ಮೊದಲಿನಂಥದೇ ಚಿತ್ರವನ್ನು ಕಡಮೆ ಕಿರಣದಲ್ಲಿ ತೆಗೆಯಬಹುದು. ಯಾವುದನ್ನು ಆರಿಸಬೇಕೆಂದು ಹರಳು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ರೋಗಿಯ ಮುಖವನ್ನು ನೋಡಬಲ್ಲ ವೈದ್ಯರು. ಮಲಗಿರುವುದು ಮುಂದೆ ಎಪ್ಪತ್ತು ಎಂಬತ್ತು ವರ್ಷ ಬಾಳಬೇಕಾದ ಮಗುವಾದರೆ ಆ ತೀರ್ಮಾನ ಇನ್ನಷ್ಟು ಗುರುತರವಾದದ್ದು.

ಡ್ಯಾಲಿಯ ಕಾಲದಲ್ಲಿ ಕಿರಣವನ್ನು ಕೊಡದಲ್ಲಿ ಸುರಿದು ಬೊಗಸೆಯಲ್ಲಿ ಹಿಡಿಯುತ್ತಿದ್ದರು. ಇಂದು ಹನಿಹನಿಗೂ ಲೆಕ್ಕ ಇಡುವ ಕಾಲ ಬಂದಿದೆ. ಇದನ್ನು ತಂದುಕೊಟ್ಟ ಕೆಲವರ ಹೆಸರುಗಳನ್ನು ಮೇಲೆ ಹೇಳಿದೆ. ಹೇಳದೆ ಉಳಿದವರು, ಕುಲುಮೆಯ ಮುಂದೆ ವರ್ಷಗಟ್ಟಲೆ ಕಾದು, ಒಡೆದ ಹರಳನ್ನು ಎಸೆದು, ಮತ್ತೆ ಹೊಸದನ್ನು ಬೆಳೆಯಲಿಟ್ಟವರು. ಸ್ಕ್ಯಾನಿಂಗ್ ಯಂತ್ರದ ಬಾಯಿಗೆ ಮೈಯೊಡ್ಡುವ ಪ್ರತಿಯೊಬ್ಬ ರೋಗಿಯೂ ಆ ತಾಳ್ಮೆಗೆ ಋಣಿ.